ಡಿಡಬ್ಲ್ಯೂಸಿಮ್‌ನ ಕೈನೆಟಿಕ್ಸ್ ಭಾಗ: ರಿಯಾಕ್ಟರ್ ಅಳತೆಗೆ ಎಷ್ಟು ನಂಬಬಹುದು?

ದುಡ್ಡು ಕೊಡದೆ ಸಿಗುವ ಪ್ರೊಸೆಸ್ ಸಿಮ್ಯುಲೇಟರ್‌ಗಳಲ್ಲಿ (ಕಾರ್ಖಾನೆಯ ಪ್ರಕ್ರಿಯೆಯನ್ನು ಕಂಪ್ಯೂಟರಿನಲ್ಲೇ ಲೆಕ್ಕಹಾಕುವ ತಂತ್ರಾಂಶಗಳಲ್ಲಿ) ರಿಯಾಕ್ಟರ್ ಲೆಕ್ಕಕ್ಕೆ ಧೈರ್ಯವಾಗಿ ಹೇಳಬಹುದಾದ ಹೆಸರು ಡಿಡಬ್ಲ್ಯೂಸಿಮ್. ಇದು ಮುಕ್ತ ತಂತ್ರಾಂಶ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಐಐಟಿ ಬಾಂಬೆಯ ಮುಕ್ತ ತಂತ್ರಾಂಶದ ಬಳಕೆಯನ್ನು ಉತ್ತೇಜಿಸುವ ಫಾಸ್ಸೀ ಯೋಜನೆಯಿಂದಾಗಿ ನಮ್ಮ ಕೆಮಿಕಲ್ ವಿದ್ಯಾರ್ಥಿಗಳಿಗೂ ಪರಿಚಿತ. ಇಲ್ಲಿ ನೋಡಿರುವುದು ಅದರ ಕೈನೆಟಿಕ್ಸ್ (ಕ್ರಿಯೆಯ ವೇಗದ ಲೆಕ್ಕ) ಭಾಗವನ್ನಷ್ಟೇ.

ಪರೀಕ್ಷೆಗೆ ಒಳ್ಳೆಯ ಕ್ರಿಯೆ ಅಸಿಟಿಕ್ ಅನ್‌ಹೈಡ್ರೈಡ್‌ನ ಹೈಡ್ರಾಲಿಸಿಸ್, ಅಂದರೆ ಅದು ನೀರಿನೊಡನೆ ಸೇರಿ ಅಸಿಟಿಕ್ ಆಮ್ಲವಾಗುವುದು. ನೀರು ಧಾರಾಳವಾಗಿದ್ದರೆ ಅದು ಮೊದಲ ಆರ್ಡರ್‌ನ ಕ್ರಿಯೆಯಂತೆ ನಡೆಯುತ್ತದೆ: ವೇಗ ಅನ್‌ಹೈಡ್ರೈಡ್‌ನ ಸಾಂದ್ರತೆಗಷ್ಟೇ ಅನುಪಾತದಲ್ಲಿರುತ್ತದೆ. ದರ ಸ್ಥಿರಾಂಕ 25 ಡಿಗ್ರಿಯಲ್ಲಿ ನಿಮಿಷಕ್ಕೆ ಸುಮಾರು 0.158, 40 ಡಿಗ್ರಿಯಲ್ಲಿ 0.380. ಇದರಿಂದ ಆಕ್ಟಿವೇಶನ್ ಎನರ್ಜಿ (ತಾಪ ಏರಿದಂತೆ ವೇಗ ಎಷ್ಟು ಏರುತ್ತದೆ ಎಂಬುದರ ಅಂಕಿ) ಮೋಲ್‌ಗೆ ಸುಮಾರು 45.4 ಕಿಲೋಜೂಲ್ ಬರುತ್ತದೆ, ಅದೇ ಸೂತ್ರದ ಗುಣಕವಾದ ಪ್ರೀ-ಎಕ್ಸ್‌ಪೊನೆನ್ಷಿಯಲ್ ಫ್ಯಾಕ್ಟರ್ ಸೆಕೆಂಡಿಗೆ ಸುಮಾರು 2.4 ಲಕ್ಷ. ನಿಮಿಷಕ್ಕೆ 10 ಲೀಟರ್ ಹರಿವು, 25 ಡಿಗ್ರಿ, 90% ಕನ್ವರ್ಷನ್ (ಕ್ರಿಯೆಯಾಗಿ ಹೋದ ಪಾಲು) ಎಂದರೆ ಕೈಲೆಕ್ಕದಲ್ಲಿ ಕಲಕುವ ಟ್ಯಾಂಕಿಗೆ 570 ಲೀಟರ್ ಬೇಕು, ಪ್ಲಗ್ ಫ್ಲೋ (ದ್ರವ ಹಿಂದುಮುಂದು ಬೆರೆಯದೆ ಸಾಗುವ) ಕೊಳವೆಗೆ 146 ಲೀಟರ್ ಸಾಕು.

ಎಡವುವುದು ರಿಯಾಕ್ಷನ್ ಎಡಿಟರ್‌ನಲ್ಲಿ ಕ್ರಿಯೆಯ ವಿವರ ತುಂಬುವ ಪುಟ್ಟ ಕೋಷ್ಟಕದಲ್ಲಿ. ಅನ್‌ಹೈಡ್ರೈಡ್ ಅನ್ನು ಬೇಸ್ ಕಾಂಪೊನೆಂಟ್ (ದರದ ಲೆಕ್ಕಕ್ಕೆ ಆಧಾರವಾಗುವ ವಸ್ತು) ಎಂದು ಗುರುತಿಸಿ, ಕೋಎಫಿಶಿಯೆಂಟ್ ಮೈನಸ್ 1, ನೀರಿಗೂ ಮೈನಸ್ 1, ಅಸಿಟಿಕ್ ಆಮ್ಲಕ್ಕೆ ಪ್ಲಸ್ 2. ಆರ್ಡರ್ ಕಾಲಮ್ ಬೇರೆ: ಅನ್‌ಹೈಡ್ರೈಡ್‌ಗೆ 1, ನೀರಿಗೆ 0. ಕೋಎಫಿಶಿಯೆಂಟ್ ಇದೆಯಲ್ಲ ಎಂದು ನೀರಿಗೂ ಆರ್ಡರ್ 1 ಕೊಟ್ಟರೆ ಕೆಟ್ಟಿತು. ಘನಮೀಟರಿಗೆ ಮೋಲ್ ಲೆಕ್ಕದಲ್ಲಿ ನೀರಿನ ಸಾಂದ್ರತೆ 55,000ದ ಆಸುಪಾಸು, ದರವೂ ಅಷ್ಟು ಪಟ್ಟು ಉಬ್ಬುತ್ತದೆ. ಕನ್ವರ್ಷನ್ 100% ಎಂದು ತೋರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಸೆಕೆಂಡಿನ ಜಾಗದಲ್ಲಿ ನಿಮಿಷದ ಸ್ಥಿರಾಂಕ ಹಾಕಿದರೆ 60 ಪಟ್ಟು ತಪ್ಪು. ಫೇಸ್ ಲಿಕ್ವಿಡ್, ದರದ ಆಧಾರ ಮೋಲಾರ್ ಸಾಂದ್ರತೆ ಎಂಬುದನ್ನೂ ನೋಡಿಕೊಳ್ಳಿ.

ಮೊದಲು ಐಸೊಥರ್ಮಲ್ (ತಾಪಮಾನ ಬದಲಾಗದಂತೆ) ಓಡಿಸಿ, ಕೈಲೆಕ್ಕಕ್ಕೆ ತಾಳೆಯಾದ ಮೇಲೆಯೇ ಅಡಿಯಬ್ಯಾಟಿಕ್ (ಶಾಖ ಹೊರಹೋಗದಂತೆ). ಈ ಕ್ರಿಯೆ ಮೋಲ್‌ಗೆ ಸುಮಾರು 58 ಕಿಲೋಜೂಲ್ ಶಾಖ ಬಿಡುತ್ತದೆ. ಲೀಟರಿಗೆ ಅರ್ಧ ಮೋಲ್ ಪೂರ್ತಿ ಕ್ರಿಯೆಯಾದರೆ 7 ಡಿಗ್ರಿ ಏರಿಕೆ. ಅಷ್ಟಕ್ಕೇ ದರ ಒಂದೂವರೆ ಪಟ್ಟು ಆಗುತ್ತದೆ.

ನಿಜವಾದ ಕೊರತೆ ಬೇರೆ ಕಡೆ ಇದೆ. ಲ್ಯಾಬ್‌ನ ಸಮಯ–ಸಾಂದ್ರತೆ ಅಂಕಿಗಳಿಂದ ಸ್ಥಿರಾಂಕ ಹೊರತೆಗೆಯುವ ಕೆಲಸಕ್ಕೆ ಇದು ಸಾಧನವಲ್ಲ. ಅದನ್ನು ಸೈಲ್ಯಾಬ್ ಎಂಬ ಗಣಿತ ತಂತ್ರಾಂಶದಲ್ಲೋ ಸ್ಪ್ರೆಡ್‌ಶೀಟ್‌ನಲ್ಲೋ ಮುಗಿಸಿಕೊಂಡು ಬರಬೇಕು. ಸಾಂದ್ರತೆಯನ್ನು ಕಂಡಕ್ಟಿವಿಟಿಯಿಂದ (ವಿದ್ಯುತ್ ವಾಹಕತೆಯಿಂದ) ಅಳೆಯುವುದಾದರೆ ಅಲ್ಲೂ ಹುಷಾರು: ಅಸಿಟಿಕ್ ಆಮ್ಲ ದುರ್ಬಲ ಆಮ್ಲ, ಅದರ ಕಂಡಕ್ಟಿವಿಟಿ ಸಾಂದ್ರತೆಗೆ ನೇರ ಅನುಪಾತದಲ್ಲಿ ಏರುವುದಿಲ್ಲ, ಹೆಚ್ಚುಕಡಿಮೆ ವರ್ಗಮೂಲದಂತೆ ಏರುತ್ತದೆ. ಗೊತ್ತಿರುವ ಸಾಂದ್ರತೆಯ ಐದಾರು ದ್ರಾವಣಗಳಿಂದ ಕ್ಯಾಲಿಬ್ರೇಶನ್ ರೇಖೆ ಎಳೆದುಕೊಳ್ಳದಿದ್ದರೆ ಸ್ಥಿರಾಂಕ ಮೊದಲೇ ಹಾಳು. ತಾಪಮಾನ ಕನಿಷ್ಠ ಮೂರಾದರೂ ಇರಲಿ. ಎರಡು ಬಿಂದುಗಳ ಮೂಲಕ ಅರೇನಿಯಸ್ ಗೆರೆ (ತಾಪಮಾನಕ್ಕೆ ದರ ಹೇಗೆ ಬದಲಾಗುತ್ತದೆ ಎಂಬುದರ ನಕ್ಷೆ) ಯಾವತ್ತೂ ನೇರವಾಗಿಯೇ ಹೋಗುತ್ತದೆ.

ಟ್ಯಾಂಕ್ ಪೂರ್ತಿ ಕಲಕಿದೆ, ಕೊಳವೆಯಲ್ಲಿ ಹಿಮ್ಮಿಶ್ರಣವಿಲ್ಲ ಎಂಬ ಆದರ್ಶದ ಮೇಲೆ ಎರಡೂ ಮಾಡೆಲ್ ನಿಂತಿವೆ. ಕಾರ್ಖಾನೆಯ ಪಾತ್ರೆಗೆ ಹೋಗುವ ಮುನ್ನ ಉಪ್ಪಿನ ಟ್ರೇಸರ್ (ಜಾಡು ಹಿಡಿಯಲು ಸೇರಿಸುವ ವಸ್ತು) ಹಾಕಿ ರೆಸಿಡೆನ್ಸ್ ಟೈಮ್, ಅಂದರೆ ದ್ರವ ಒಳಗೆ ಉಳಿಯುವ ಸಮಯ, ಅಳೆಯಿರಿ. ಉಪ್ಪು ಬೇಗನೆ ಹೊರಬಿದ್ದರೆ ಒಳಗೆ ಅಡ್ಡದಾರಿಯಿದೆ. ಆಗ 570 ಲೀಟರಿನ ಟ್ಯಾಂಕು 90% ಕೊಡುವುದಿಲ್ಲ.