ನಾಳೆ ಮಧ್ಯಾಹ್ನ ಹುಳು ಮನೆಯೊಳಗೆ ಎಷ್ಟು ಡಿಗ್ರಿ? ನಾಲ್ಕು ಲೆಕ್ಕಗಳ ಹೋಲಿಕೆ

ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ, ಅಂದರೆ ಐದನೇ ಹಂತದ ರೇಷ್ಮೆ ಹುಳುವಿಗೆ 24-25 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಕಡೆ ಹೊರಗೇ 35 ಇರುವಾಗ ಸಿಮೆಂಟ್ ಶೀಟಿನ ಮನೆಯಲ್ಲಿ ಅಷ್ಟು ತಂಪು ಸಿಗುವುದಿಲ್ಲ. ಆದರೂ ಒಳಗೆ 33 ಇರುವುದು ಬೇರೆ, 37 ಆಗುವುದು ಬೇರೆ. ದ್ವಿತಳಿ (ಬೈವೋಲ್ಟಿನ್ ಹುಳು) ಹಾಕಿದವರಿಗೆ ಸಪ್ಪೆ ರೋಗ (ಹುಳು ಸಪ್ಪಗಾಗಿ ಸಾಯುವ ಫ್ಲಾಚರಿ) ಕಾಣಿಸಿಕೊಳ್ಳುವುದು ಆ ಅಂತರದಲ್ಲೇ. ಸುಣ್ಣ ಬಳಿಯಲು, ಗೋಣಿ ನೆನೆಸಲು, ರಾತ್ರಿ ಕಿಟಕಿ ತೆರೆದಿಡಲು ಸಮಯ ಸಿಗಬೇಕಾದರೆ ನಾಳಿನ ಉಷ್ಣಾಂಶ ಇವತ್ತು ಸಂಜೆಗೇ ಗೊತ್ತಾಗಬೇಕು.

50×20 ಅಡಿಯ, 12 ಅಡಿ ಎತ್ತರದ ಒಂದೇ ಮನೆಗೆ ಮಾರ್ಚ್‌ನಿಂದ ಮೇವರೆಗೆ ನಾಲ್ಕು ಲೆಕ್ಕ ಹಾಕಿ ನೋಡಿದೆವು. 9 ಅಂಗುಲದ ಇಟ್ಟಿಗೆ ಗೋಡೆ, ಸಿಮೆಂಟ್ ನೆಲ, ಮೇಲೆ ಶೀಟು.

ಮೊದಲು ಅಳತೆ ಸರಿಯಿರಬೇಕು. ಉಷ್ಣಾಂಶ ಅಳೆಯುವ ಡಿಎಸ್18ಬಿ20 ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ತೋರಿಸಬಹುದು. ಹಾಗಾಗಿ ಎಲ್ಲ ಸೆನ್ಸರ್‌ಗಳನ್ನೂ ಒಂದೇ ಬಕೆಟ್ ನೀರಲ್ಲಿ ಅದ್ದಿ, ವ್ಯತ್ಯಾಸ ಬರೆದಿಟ್ಟುಕೊಂಡು ಆಮೇಲೆ ಕಟ್ಟಿ. ಒಂದು ಸೆನ್ಸರ್ ಹುಳು ಸಾಕುವ ಸ್ಟ್ಯಾಂಡಿನ ನಡು ಅಂತಸ್ತಿನ ಮಟ್ಟದಲ್ಲಿ ಇರಲಿ. ಕಾದ ಶೀಟಿನ ಝಳ ನೇರವಾಗಿ ಬಡಿದರೆ ಸೆನ್ಸರ್ ಗಾಳಿಗಿಂತ ಹೆಚ್ಚು ತೋರಿಸುತ್ತದೆ. ಹೊರಮೈಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಲೋಟವನ್ನು ಗಾಳಿಯಾಡುವಂತೆ ಸಡಿಲವಾಗಿ ಮೇಲೆ ಬೋರಲು ಹಾಕಿ. ಇನ್ನೊಂದನ್ನು ಗೋಡೆಗೆ ಒತ್ತಿ, ಮೇಲೆ ಥರ್ಮಾಕೋಲ್ ತುಂಡು ಅಂಟಿಸಿ. ಗೋಡೆಯ ಈ ಒಂದು ಅಳತೆ ಇಲ್ಲದೆ ಮುಂದಿನ ಮೂರನೇ ಲೆಕ್ಕ ನಡೆಯುವುದಿಲ್ಲ.

ಮೊದಲನೆಯದು ಇವತ್ತಿನ ಲೆಕ್ಕ: ಇವತ್ತು ಮೂರು ಗಂಟೆಗೆ ಇದ್ದದ್ದೇ ನಾಳೆಯೂ ಇರುತ್ತದೆ ಎನ್ನುವುದು. ಖರ್ಚಿಲ್ಲ. ಸತತವಾಗಿ ಬಿಸಿಲಿರುವ ದಿನಗಳಲ್ಲಿ ಒಂದು ಡಿಗ್ರಿಯೊಳಗೇ ಹೊಂದುತ್ತದೆ. ಮೋಡ ಮುಸುಕಿದರೆ, ಭರಣಿ ಮಳೆ ಒಂದು ಹದ ಬಿದ್ದರೆ ನಾಲ್ಕೈದು ಡಿಗ್ರಿ ತಪ್ಪುತ್ತದೆ.

ಎರಡನೆಯದು ಎಕ್ಸೆಲ್‌ನ ನೇರ ಸೂತ್ರ. ನಾಳೆ ಹೊರಗಿನ ಗರಿಷ್ಠ ಉಷ್ಣಾಂಶ, ಬೆಳಿಗ್ಗೆ ಆರಕ್ಕೆ ಒಳಗಿನ ಉಷ್ಣಾಂಶ, ಇವೆರಡರಿಂದ ಒಳಗಿನ ಗರಿಷ್ಠ ಹೇಳುವುದು. ಸಂಜೆಗೆ ಲೆಕ್ಕ ಹಾಕುವಾಗ ಆರು ಗಂಟೆಯದ್ದನ್ನು ಅಂದಾಜಿನಲ್ಲಿ ತುಂಬಿ, ಬೆಳಿಗ್ಗೆ ತಿದ್ದಬೇಕು. ಮೂರು ವಾರದ ಅಂಕಿ ತುಂಬಿ ಲೈನೆಸ್ಟ್ ಫಂಕ್ಷನ್ ಹಾಕಿದರೆ ಗುಣಕಗಳು ಸಿಗುತ್ತವೆ. ಮಾಮೂಲಿ ದಿನಗಳಲ್ಲಿ ನಾಲ್ಕರಲ್ಲಿ ಹೆಚ್ಚು ಸರಿ ಹೇಳಿದ್ದು ಇದೇ. ಆದರೆ ಶೀಟಿಗೆ ಸುಣ್ಣ ಬಳಿದ ದಿನದಿಂದ ಮೂರು ವಾರದ ಅಂಕಿ ಪೂರ್ತಿ ವ್ಯರ್ಥ, ಯಾಕೆಂದರೆ ಆ ಗುಣಕಗಳೊಳಗೆ ಹಳೆಯ ಕಪ್ಪು ಶೀಟು ಅಡಗಿ ಕುಳಿತಿದೆ. ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ತಡೆಯಲು ಕಿಟಕಿಗೆ ಬಲೆ ಬಿಗಿದರೂ ಅದೇ ಕಥೆ: ಬಲೆ ಗಾಳಿ ತಡೆಯುತ್ತದೆ, ಸೂತ್ರಕ್ಕೆ ಅದು ಗೊತ್ತಿಲ್ಲ. ಮನೆಗೆ ಏನಾದರೂ ಮಾಡಬೇಕಾದ ದಿನವೇ ಲೆಕ್ಕ ಕೈ ಕೊಟ್ಟರೆ ಅದರಿಂದ ರೈತರಿಗೇನು ಉಪಯೋಗ?

ಮೂರನೆಯದು ಶಾಖದ ಲೆಕ್ಕ. ನಾವು ಉಳಿಸಿಕೊಂಡದ್ದು ಇದನ್ನೇ, ಹಾಗಾಗಿ ಬಿಡಿಸಿ ಹೇಳಬೇಕು. ಈ ಮನೆಯೊಳಗಿನ ಗಾಳಿ ಸುಮಾರು 340 ಘನ ಮೀಟರ್. ಗೋಡೆ ಮತ್ತು ನೆಲದ ಮೇಲ್ಪದರ ನಾಲ್ಕು ಅಂಗುಲ ಹಿಡಿದಿಡುವ ಶಾಖ ಆ ಗಾಳಿ ಹಿಡಿದಿಡುವುದಕ್ಕಿಂತ ಸುಮಾರು ನೂರು ಪಟ್ಟು. ಕಿಟಕಿ ತೆರೆದಾಗ ತಂಪಾದಂತೆ ಅನಿಸಿ, ಮುಚ್ಚಿದ ಸ್ವಲ್ಪ ಹೊತ್ತಿಗೇ ಮತ್ತೆ ಕಾಯುವುದು ಅದಕ್ಕೇ. ಗಾಳಿ ಅಲ್ಪ, ಗೋಡೆಯೇ ಯಜಮಾನ. ಆದ್ದರಿಂದ ಒಳಗಿನ ಗಾಳಿಯನ್ನು ಪ್ರತಿ ಗಂಟೆಗೂ ಮೂರರ ತೂಕದ ಸರಾಸರಿ ಎಂದು ಹಿಡಿಯಬಹುದು:

ಒಳಗಾಳಿ = (560 × ಶೀಟು + 340 × ಹೊರಗಾಳಿ + 1800 × ಗೋಡೆ) ÷ 2700

560 ಎಂದರೆ 93 ಚದರ ಮೀಟರ್ ಶೀಟು, ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 6 ವ್ಯಾಟ್. 340 ಎಂದರೆ ಗಂಟೆಗೆ ಮೂರು ಸಲ ಗಾಳಿ ಬದಲಾದಾಗಿನ ಅಂಕಿ. 1800 ಎಂದರೆ ಗೋಡೆ, ನೆಲ ಎರಡೂ ಸೇರಿ. ಶೀಟಿಗೆ ಹೊರಗಿನ ಉಷ್ಣಾಂಶವನ್ನಷ್ಟೇ ಹಾಕಬೇಡಿ, ಅದಕ್ಕೆ ಬಿಸಿಲು ಸೇರಿಸಿ: ಬಿಸಿಲು × ಹೀರಿಕೆ (ಬಿದ್ದ ಬಿಸಿಲಲ್ಲಿ ಶೀಟು ಹೀರುವ ಪಾಲು) ÷ 20, ಅದರಲ್ಲಿ ಆಕಾಶಕ್ಕೆ ಹೋಗುವ 4 ಕಳೆಯಿರಿ. ಏಪ್ರಿಲ್ ಕೊನೆಯ ವಾರ ಇಲ್ಲಿ ಸೂರ್ಯ ನಡು ನೆತ್ತಿಗೇ ಬರುತ್ತಾನೆ. ಚದರ ಮೀಟರಿಗೆ 900 ವ್ಯಾಟ್ ಇಟ್ಟುಕೊಳ್ಳಿ. ಕಪ್ಪಾದ ಶೀಟಿನ ಹೀರಿಕೆ 0.7 ಆದರೆ 35ಕ್ಕೆ 27 ಸೇರಿ 62 ಆಗುತ್ತದೆ. ಸುಣ್ಣ ಬಳಿದು 0.3ಕ್ಕೆ ಇಳಿದರೆ ಸುಮಾರು 44.

ಗೋಡೆ 29 ಇದ್ದರೆ ಕಪ್ಪು ಶೀಟಿನಡಿ ಗಾಳಿ 36.6, ಸುಣ್ಣದ ಶೀಟಿನಡಿ 32.9. ಮುಂದಿನ ಗಂಟೆಗೆ ಗೋಡೆಯನ್ನು ಹೀಗೆ ಏರಿಸಿ: ಗಾಳಿಗೂ ಗೋಡೆಗೂ ಇರುವ ವ್ಯತ್ಯಾಸದ 0.15 ಪಾಲು. ಹವಾಮಾನ ಇಲಾಖೆ ಹೇಳಿದ ಕನಿಷ್ಠವನ್ನು ಬೆಳಿಗ್ಗೆ ಆರಕ್ಕೆ, ಗರಿಷ್ಠವನ್ನು ಮಧ್ಯಾಹ್ನ ಮೂರಕ್ಕೆ ಇಟ್ಟು ನಡುವೆ ಬಾಗು ಗೆರೆ ತುಂಬಿದರೆ 24 ಸಾಲಿನ ಹಾಳೆ ಸಿದ್ಧ.

ಕಿಟಕಿಯ ಪ್ರಶ್ನೆಗೆ ಇದು ಕೊಟ್ಟ ಉತ್ತರ ಹಲವರ ರೂಢಿಗೆ ವಿರುದ್ಧವಾಗಿದೆ. ಮಧ್ಯಾಹ್ನ ಎಲ್ಲ ತೆರೆದು ಗಾಳಿ ಗಂಟೆಗೆ ಹತ್ತು ಸಲ ಬದಲಾದರೆ 340 ಇದ್ದದ್ದು ಸುಮಾರು 1130 ಆಗುತ್ತದೆ, ಕೆಳಗಿನ ಮೊತ್ತವೂ 3490ಕ್ಕೆ ಏರುತ್ತದೆ. ಕಪ್ಪು ಶೀಟಿನಡಿ 36.6 ಇದ್ದದ್ದು 36.2ಕ್ಕೆ ಇಳಿಯುತ್ತದೆ, ಅಷ್ಟೇ. ಸುಣ್ಣದ ಶೀಟಿನಡಿ 32.9 ಇದ್ದದ್ದು 33.3ಕ್ಕೆ ಏರುತ್ತದೆ! ಸುಣ್ಣ ಬಳಿದ ಮನೆಗೆ ನಡುಹಗಲು ಹುಳುವಿನ ಉಸಿರಾಟಕ್ಕೆ, ಹಾಸಿಗೆಯ ತೇವ ಹೋಗುವುದಕ್ಕೆ ಬೇಕಾದಷ್ಟೇ ಗಾಳಿ ಸಾಕು. ತೆರೆಯಬೇಕಾದ್ದು ರಾತ್ರಿ ಹತ್ತರಿಂದ ಆರರವರೆಗೆ. ಹೊರಗೆ 22 ಇದ್ದು ಎರಡೂ ಬದಿಯಿಂದ ಗಾಳಿ ಚೆನ್ನಾಗಿ ಹಾಯ್ದರೆ ಗೋಡೆ ಹೆಚ್ಚುವರಿಯಾಗಿ ಒಂದು ಡಿಗ್ರಿ ಇಳಿಯುತ್ತದೆ.

ಈ ಲೆಕ್ಕಕ್ಕೂ ಕೊರತೆಯಿದೆ. ಗೋಣಿ ನೆನೆಸಿದಾಗ ಲೀಟರ್ ನೀರು ಆರಲು ಸುಮಾರು 0.67 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಹೀರಿಕೊಳ್ಳುತ್ತದೆ. ಅದನ್ನು ಪ್ರತ್ಯೇಕವಾಗಿ ಕಳೆಯಬೇಕು. ತೇವಾಂಶ ಎಷ್ಟು ಏರುತ್ತದೆ ಎಂಬುದು ಇದರಲ್ಲಿ ಬರುವುದೇ ಇಲ್ಲ. ಐದನೇ ಹಂತದಲ್ಲಿ ತೇವಾಂಶ ಶೇ. 70 ದಾಟಿದರೆ ಬೇರೆ ತೊಂದರೆ, ಹಾಗಾಗಿ ಪಕ್ಕದಲ್ಲಿ ಒದ್ದೆ-ಒಣ ಬಲ್ಬಿನ ಥರ್ಮಾಮೀಟರ್ ಇರಲೇಬೇಕು.

ನಾಲ್ಕನೆಯದು ಎನರ್ಜಿಪ್ಲಸ್, ಕಟ್ಟಡದ ಶಾಖದ ಲೆಕ್ಕ ಹಾಕುವ, ಅಮೆರಿಕದ ಇಂಧನ ಇಲಾಖೆಯ ಉಚಿತ ತಂತ್ರಾಂಶ. ಆರ್‌ಸಿಸಿ ಹಾಕುವುದೋ ಶೀಟೋ, ಮನೆಯ ಮುಖ ಯಾವ ಕಡೆಗೆ ಎಂದು ಕಟ್ಟುವ ಮುಂಚೆ ನೋಡಲು ಇದಕ್ಕೆ ಸಾಟಿಯಿಲ್ಲ. ನಾಳಿನ ಉಷ್ಣಾಂಶಕ್ಕೆ ಮಾತ್ರ ಬೇಡ. ಬೆಂಗಳೂರಿನ ಹವಾಮಾನ ಕಡತದಲ್ಲಿರುವುದು ಹಲವು ವರ್ಷಗಳಿಂದ ಆಯ್ದು ಜೋಡಿಸಿದ ಮಾದರಿ ವರ್ಷ, ನಾಳೆಯ ದಿನವಲ್ಲ. ನಾಳಿನ ಅಂಕಿ ತುಂಬಿಸಿದರೂ ಬಲೆ ಬಿಗಿದ ಕಿಟಕಿಯಿಂದ ಎಷ್ಟು ಗಾಳಿ ಬರುತ್ತದೆ ಎಂಬುದನ್ನು ಅದಕ್ಕೂ ನಾವೇ ಹೇಳಬೇಕು.

ಮೂರನೆಯದನ್ನು ಹಿಡಿಯುವವರು ಮೊದಲ ವಾರ ದಿನವೂ ತಾಳೆ ನೋಡಿ. ರಾತ್ರಿಯ ಅಂಕಿ ತಪ್ಪಿದರೆ 340ನ್ನು ತಿದ್ದಿ, ಗಾಳಿಯ ಅಂದಾಜು ತಪ್ಪಿರುತ್ತದೆ. ರಾತ್ರಿ ಸರಿಯಿದ್ದು ಮಧ್ಯಾಹ್ನ ತಪ್ಪಿದರೆ ಹೀರಿಕೆಯನ್ನು ತಿದ್ದಿ. ಎರಡನ್ನೂ ಒಟ್ಟಿಗೆ ಮುಟ್ಟಬೇಡಿ. ಜೋರು ಮಳೆಯ ಮರುದಿನ ಏಣಿ ಹಾಕಿ ಶೀಟು ನೋಡಿ. ಸುಣ್ಣ ತೊಳೆದುಹೋಗಿದ್ದರೆ 0.3 ಅಲ್ಲ, 0.5 ಹಾಕಿ ಶುರುಮಾಡಿ.