ಹೊಗೆಯಲ್ಲಿ ಬೆಂದ ಜೋಳ: ಸಿಪ್ಪೆ ಇರಬೇಕಾ, ಬೇಡವಾ?

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಹಳೇ ಡ್ರಮ್ಮಿಗೆ ಬಾಗಿಲು, ಎರಡು ಜಾಲರಿ ವೆಲ್ಡಿಂಗ್ ಮಾಡಿಸಿ ಸ್ಮೋಕರ್, ಅಂದರೆ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ, ಮಾಡಿಕೊಂಡಿದ್ದೇವೆ. ಹಂದಿ ಮಾಂಸ ಅದರಲ್ಲಿ ಐದಾರು ಗಂಟೆ ಬೇಯುತ್ತದೆ. ಅಷ್ಟು ಹೊತ್ತು ಮೇಲಿನ ಜಾಲರಿ ಸುಮ್ನೆ ಖಾಲಿ ಇರುತ್ತದೆ, ಅಲ್ವಾ? ಅಲ್ಲಿ ಮುಸುಕಿನ ಜೋಳದ ತೆನೆ ಇಡಲು ಶುರು ಮಾಡಿದೆ. ಮಾಂಸದ ಕೆಳಗೆ ಮಾತ್ರ ಇಡಬೇಡಿ. ಒಮ್ಮೆ ಇಟ್ಟು ನೋಡಿದೆ. ಕೊಬ್ಬು ತೊಟ್ಟಿಕ್ಕಿ ಜೋಳದ ಸಿಹಿಯೇ ಗೊತ್ತಾಗಲಿಲ್ಲ.

ಜೋಳವನ್ನು ಹೇಗೆ ಇಡಬೇಕು ಅನ್ನುವುದರಲ್ಲಿ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅದಕ್ಕೆ ಹೋದ ಭಾನುವಾರ ಒಂಬತ್ತು ಸ್ವೀಟ್ ಕಾರ್ನ್ ತೆನೆ ತಂದು ಮೂರೂ ರೀತಿ ಒಟ್ಟಿಗೇ ಮಾಡಿದೆ. ಮೂರು ಸಿಪ್ಪೆ ಸಮೇತ, ಮೂರು ಫಾಯಿಲ್ ಸುತ್ತಿ, ಮೂರು ಪೂರ್ತಿ ಸುಲಿದು. ಬಿಸಿ 110 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕಟ್ಟಿಗೆ ನಮ್ಮ ತೋಟದ್ದೇ, ಕಿತ್ತು ಹಾಕಿದ ಹಳೇ ಕಾಫಿ ಗಿಡದ ಕಾಂಡ, ಒಂದು ವರ್ಷ ಸೂರಿನಡಿ ಒಣಗಿದ್ದು. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆ ಹಾಕಿದರೆ ದಟ್ಟ ಬಿಳಿ ಹೊಗೆ ಬಂದು ಜೋಳ ಕಹಿಯಾಗುತ್ತದೆ. ತೆಳ್ಳಗೆ ನೀಲಿ ಹೊಗೆ ಬರುವವರೆಗೆ ಕಾಯಲೇಬೇಕು.

ಫಾಯಿಲ್ ಸುತ್ತಿದ್ದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಹೊಗೆ ಒಳಗೇ ಹೋಗಿಲ್ಲ, ಜೋಳ ತನ್ನದೇ ನೀರಿನಲ್ಲಿ ಬೆಂದಿತ್ತು. "ಇದು ಕುಕ್ಕರ್ ಜೋಳ ಕಣಮ್ಮ" ಅಂದರು ಅತ್ತೆ. ನಿಜವೇ.

ಸಿಪ್ಪೆ ಸಮೇತ ಇಟ್ಟದ್ದು ಅತ್ತೆಯ ಆಯ್ಕೆ. ಅರ್ಧ ಗಂಟೆ ನೀರಲ್ಲಿ ನೆನೆಸಿ ಇಟ್ಟೆವು. ಬೇಯಲು ಹತ್ತಿರ ಒಂದೂವರೆ ಗಂಟೆ ಹಿಡಿಯಿತು. ತೆಗೆದಾಗ ಹೊರಗಿನ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಕಾಗದದ ಹಾಗೆ ಗರಿಗರಿ. ಅತ್ತೆ ಬುಡ ಹಿಡಿದು ಎಳೆದರು, ಒಳಗಿನ ಕೂದಲೂ ಸಿಪ್ಪೆಯ ಜೊತೆಗೇ ಕಿತ್ತು ಬಂತು. ಕಾಳು ತುಂಬಿಕೊಂಡು ಹೊಳೆಯುತ್ತಿತ್ತು. ಕಚ್ಚಿದರೆ ರಸ ತುಟಿಗೆ ಚಿಮ್ಮುತ್ತದೆ. ರಸದಲ್ಲಿ ಇದನ್ನು ಮೀರಿಸಲು ಆಗುವುದಿಲ್ಲ. ಆದರೆ ಹೊಗೆಯ ವಾಸನೆ ಸಿಪ್ಪೆಗೇ ಹತ್ತಿತ್ತು, ಕಾಳಿಗೆ ಬಂದದ್ದು ಬಹಳ ಕಡಿಮೆ.

ನನ್ನ ಆಯ್ಕೆ ಸುಲಿದದ್ದು. ಹೊಗೆ ಹಿಡಿಯುವುದು ತಣ್ಣಗಿರುವ, ತೇವ ಇರುವ ಮೈಗೆ. ಅದಕ್ಕೆ ಫ್ರಿಜ್ಜಿನಿಂದ ತೆಗೆದ ತಕ್ಷಣ, ನೀರಿನ ಕೈ ಸವರಿ ಇಟ್ಟೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಿರುಗಿಸಿದೆ. ಒಂದು ಗಂಟೆಯಲ್ಲಿ ಕಾಳಿನ ಬಣ್ಣ ಜೇನಿನ ಹಾಗೆ ಗಾಢವಾಯಿತು, ಮೇಲೆ ಸಣ್ಣಗೆ ನೆರಿಗೆ ಬಿತ್ತು. ರಸ ಸ್ವಲ್ಪ ಕಡಿಮೆ, ಒಪ್ಪುತ್ತೇನೆ. ಆದರೆ ಮೊದಲ ಕಡಿತಕ್ಕೇ ಸಿಹಿ ಮತ್ತು ಹೊಗೆ ಒಟ್ಟಿಗೇ ಬರುತ್ತವೆ. ಒಲೆಯ ಮೇಲೆ ಕಟ್ಟಿ ಒಣಗಿಸಿದ ಮಾಂಸ ತಿಂದು ಬೆಳೆದ ನಮ್ಮ ಬಾಯಿಗೆ ಇದೇ ಬೇಕು. ಒಂದೂಕಾಲು ಗಂಟೆ ದಾಟಿಸಬೇಡಿ, ಕಾಳು ತೊಗಲಿನ ಹಾಗೆ ಆಗುತ್ತದೆ.

ಬೆಣ್ಣೆಯನ್ನು ಮೊದಲೇ ಸವರಿದರೆ ಕರಗಿ ಕೆಳಗೆ ಹೋಗುತ್ತದೆ. ಇಳಿಸಿದ ಮೇಲೆ ಸವರಿ. 50 ಗ್ರಾಂ ಬೆಣ್ಣೆಗೆ ಅರ್ಧ ಚಮಚ ಕಾಚಂಪುಳಿ (ನಮ್ಮ ಕೊಡಗಿನ ಗಟ್ಟಿ ಕಪ್ಪು ಹುಳಿ), ಎರಡು ಸೂಜಿಮೆಣಸು ಜಜ್ಜಿದ್ದು, ಉಪ್ಪು. ಬಿಸಿ ಜೋಳದ ಸಾಲುಗಳ ಮಧ್ಯೆ ಆ ಕಪ್ಪು ಹುಳಿ ಇಳಿಯುವುದನ್ನು ನೋಡಿದರೇ ಬಾಯಲ್ಲಿ ನೀರು. ಮಡಿಕೇರಿಯ ರಾಜಾಸೀಟ್ ಹತ್ತಿರ ಕೆಂಡದ ಜೋಳಕ್ಕೆ ನಿಂಬೆ, ಖಾರದ ಪುಡಿ ಉಜ್ಜಿ ಕೊಡುತ್ತಾರಲ್ಲ, ಅದು ಸುಟ್ಟ ಜೋಳಕ್ಕೆ ಸರಿ. ಹೊಗೆ ಹಿಡಿದ ಜೋಳಕ್ಕೆ ನಿಂಬೆಯ ಹುಳಿ ತೀಕ್ಷ್ಣ. ಕಾಚಂಪುಳಿಯೇ ಆಗಬೇಕು.

ಯಾವ ರೀತಿ ಮಾಡಿದರೂ ತೆನೆ ಹೊಸದಿರಲಿ. ಕಿತ್ತ ಮೇಲೆ ಜೋಳದ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಸಂತೆಯಲ್ಲಿ ಸಿಪ್ಪೆ ಸ್ವಲ್ಪ ಸರಿಸಿ ಒಂದು ಕಾಳಿಗೆ ಉಗುರು ಒತ್ತಿ ನೋಡಿ. ಹಾಲು ಚಿಮ್ಮಿದರೆ ತೆಗೆದುಕೊಳ್ಳಿ. ಬಲಿತ ನಾಟಿ ಜೋಳ ಸಿಕ್ಕರೆ ಮೊದಲು ನೀರಲ್ಲಿ ಮೆತ್ತಗೆ ಬೇಯಿಸಿ, ಆಮೇಲೆ ಅರ್ಧ ಗಂಟೆ ಹೊಗೆಗೆ ಇಡಿ. ನೇರವಾಗಿ ಹೊಗೆಗೆ ಇಟ್ಟರೆ ಅದು ಬೇಯುವುದೇ ಇಲ್ಲ.