ಸ್ಕ್ರಮ್ ಆರು ತಿಂಗಳು, ಕಾನ್ಬಾನ್ ಆರು ತಿಂಗಳು: ಒಂದೇ ತಂಡದಲ್ಲಿ ಎರಡನ್ನೂ ಮಾಡಿ ನೋಡಿದ್ದು

ನಮ್ಮ ತಂಡದಲ್ಲಿ ಏಳು ಜನ. ನಾಲ್ವರು ಕೋಡ್ ಬರೆಯುವವರು, ಇಬ್ಬರು ಟೆಸ್ಟರ್‌ಗಳು, ಒಬ್ಬರು ಪ್ರಾಡಕ್ಟ್ ಓನರ್, ಅಂದರೆ ಯಾವ ಕೆಲಸ ಮೊದಲು ಅಂತ ನಿರ್ಧರಿಸುವವರು. ಮೊದಲ ಆರು ತಿಂಗಳು ಸ್ಕ್ರಮ್ ಮಾಡಿದೆವು, ಆಮೇಲಿನ ಆರು ತಿಂಗಳು ಕಾನ್ಬಾನ್. ಎರಡೂ ತಂಡದ ಕೆಲಸವನ್ನು ಯೋಜಿಸಿ ನಡೆಸುವ ಪದ್ಧತಿಗಳು. ಜನರೂ ಅವರೇ, ಸಾಫ್ಟ್‌ವೇರೂ ಅದೇ. ಹಾಗಾಗಿ ಯಾವುದರಿಂದ ಏನಾಯಿತು ಅಂತ ಹೇಳುವುದು ನನಗೆ ಸ್ವಲ್ಪ ಸುಲಭ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಏನಾದರೂ ಕಟ್ಟುತ್ತಿದ್ದರೆ ಸ್ಕ್ರಮ್ ಚೆನ್ನಾಗಿದೆ. ಜನ ಆಗಲೇ ಬಳಸುತ್ತಿರುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾ, ದಿನಾ ಬರುವ ದೂರುಗಳನ್ನೂ ಸರಿಮಾಡಬೇಕಿದ್ದರೆ ಕಾನ್ಬಾನ್ ವಾಸಿ. ನಮ್ಮದು ಎರಡನೆಯ ಥರದ ಕೆಲಸ.

ಸ್ಕ್ರಮ್‌ನಲ್ಲಿ ಕೆಲಸವನ್ನು ಸ್ಪ್ರಿಂಟ್ ಅನ್ನುವ ನಿಗದಿತ ಅವಧಿಗಳಲ್ಲಿ ಮಾಡುತ್ತಾರೆ. ಒಂದು ಸ್ಪ್ರಿಂಟ್ ಒಂದು ತಿಂಗಳು ಮೀರಬಾರದು. ನಾವು ಎರಡು ವಾರ ಇಟ್ಟುಕೊಂಡಿದ್ದೆವು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಪ್ಲಾನಿಂಗ್ ಪೋಕರ್. ಸ್ಕ್ರಮ್‌ನ ನಿಯಮಗಳಲ್ಲಿ ಇದು ಇಲ್ಲ, ಆದರೂ ಸ್ಕ್ರಮ್ ಮಾಡುವವರಲ್ಲಿ ಬಹಳ ಜನ ಬಳಸುತ್ತಾರೆ. 2002ರಲ್ಲಿ ಜೇಮ್ಸ್ ಗ್ರೆನಿಂಗ್ ಶುರುಮಾಡಿದ ಪದ್ಧತಿ. ಒಂದು ಕೆಲಸ ಎಷ್ಟು ದೊಡ್ಡದು ಅಂತ ಎಲ್ಲರೂ ಒಂದೊಂದು ಸಂಖ್ಯೆಯ ಕಾರ್ಡ್ ಆರಿಸಿ, ಒಟ್ಟಿಗೇ ತಿರುಗಿಸಿ ತೋರಿಸಬೇಕು.

ಒಂದು ದಿನ ವಿಳಾಸ ಬದಲಿಸುವ ಪುಟದ ಕೆಲಸ ಚರ್ಚೆಗೆ ಬಂತು. ಕೋಡ್ ಬರೆಯುವ ನಾಲ್ವರೂ 3 ತೋರಿಸಿದೆವು. ಸಭೆಯಲ್ಲಿ ಜಾಸ್ತಿ ಮಾತಾಡದ ಟೆಸ್ಟರ್ ಒಬ್ಬರು 13 ತೋರಿಸಿದರು. ಯಾಕೆ ಅಂತ ಕೇಳಿದಾಗ, ‘ಹಳೇ ಬಳಕೆದಾರರ ವಿಳಾಸ ಮೂರು ಥರ ಸೇವ್ ಆಗಿದೆ. ಅದನ್ನ ಯಾರು ಸರಿಮಾಡ್ತೀರಿ?’ ಅಂದರು. ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ. ಒಬ್ಬೊಬ್ಬರಾಗಿ ಬಾಯಲ್ಲಿ ಹೇಳುತ್ತಾ ಹೋಗಿದ್ದರೆ ಅವರೂ ಸುಮ್ನೆ 3 ಅಂದುಬಿಡುತ್ತಿದ್ದರೇನೋ. ಮೆತ್ತಗಿನ ದನಿ ಕೂಡ ಕೇಳಿಸಿತಲ್ಲ, ಆ ಕಾರಣಕ್ಕೇ ಈ ಪದ್ಧತಿಯ ಮೇಲೆ ನನಗೆ ಗೌರವ.

ತೊಂದರೆ ಆಗಿದ್ದು ಸ್ಪ್ರಿಂಟ್‌ನ ಎರಡನೇ ವಾರದಲ್ಲಿ. ಕೋಡ್ ಬರೆಯುವವರು ಕೊನೆಯ ಮೂರು ದಿನಗಳಲ್ಲಿ ‘ನಂದು ಮುಗೀತು’ ಅಂತ ಕಾರ್ಡ್‌ಗಳನ್ನು (ಬೋರ್ಡಿನ ಮೇಲೆ ಒಂದೊಂದು ಕೆಲಸಕ್ಕೂ ಒಂದು ಕಾರ್ಡ್) ಟೆಸ್ಟಿಂಗ್ ಕಡೆಗೆ ತಳ್ಳುತ್ತಿದ್ದೆವು. ಒಮ್ಮೆ ಇಬ್ಬರು ಟೆಸ್ಟರ್‌ಗಳ ಮುಂದೆ ಒಂಬತ್ತು ಕಾರ್ಡ್ ರಾಶಿ ಬಿದ್ದಿತ್ತು. ಅವರು ರಾತ್ರಿವರೆಗೂ ಕೂತರು. ನಾವು ಹೊಸ ಕೆಲಸ ಕೈಗೆತ್ತಿಕೊಂಡೆವು. ಇದರ ನಡುವೆ ಬಳಕೆದಾರರಿಂದ ತುರ್ತು ದೂರು ಬಂದರಂತೂ ಹಾಕಿಕೊಂಡ ಯೋಜನೆಯೆಲ್ಲ ತಲೆಕೆಳಗು.

ಬೆಳಗಿನ ಸ್ಟ್ಯಾಂಡಪ್, ಅಂದರೆ ದಿನಾ ನಡೆಯುವ ಚುಟುಕು ಸಭೆ ಕೂಡ ಸೊರಗಿತ್ತು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಅಡ್ಡಿ ಏನಿದೆ ಅಂತ ಒಬ್ಬೊಬ್ಬರೂ ಒಪ್ಪಿಸುವುದು, ಪಕ್ಕದವರು ತಮ್ಮ ಸರದಿಗೆ ಕಾಯುವುದು. ಈ ಮೂರು ಪ್ರಶ್ನೆಗಳನ್ನು ಸ್ಕ್ರಮ್‌ನ ನಿಯಮಗಳಿರುವ ಕೈಪಿಡಿಯಾದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಲ್ಲೇ ಕೈಬಿಡಲಾಗಿದೆ. ನಾವು ಮಾತ್ರ ಬಿಟ್ಟಿರಲಿಲ್ಲ.

ಕಾನ್ಬಾನ್‌ನ ಮೂಲ ಟೊಯೋಟಾದ ಕಾರ್ಖಾನೆ. ಸಾಫ್ಟ್‌ವೇರ್ ಕೆಲಸಕ್ಕೆ ಅದನ್ನು ಒಗ್ಗಿಸಿದವರು ಡೇವಿಡ್ ಆಂಡರ್ಸನ್. ಇದರಲ್ಲಿ ಸ್ಪ್ರಿಂಟ್ ಇರಲೇಬೇಕು ಅಂತಿಲ್ಲ. ಆದರೆ ಬೋರ್ಡಿನ ಒಂದೊಂದು ಕಾಲಮ್‌ನಲ್ಲಿ, ಅಂದರೆ ಕೆಲಸದ ಒಂದೊಂದು ಹಂತದಲ್ಲಿ, ಒಟ್ಟಿಗೆ ಎಷ್ಟು ಕಾರ್ಡ್ ಇರಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಟೆಸ್ಟಿಂಗ್‌ಗೆ ನಾವು 3 ಅಂತ ಬರೆದೆವು.

ಮೂರನೇ ದಿನವೇ ಬಿಸಿ ತಟ್ಟಿತು. ನನ್ನ ಕೋಡ್ ಮುಗಿದಿತ್ತು, ಟೆಸ್ಟಿಂಗ್ ಕಾಲಮ್ ತುಂಬಿತ್ತು. ಕಾರ್ಡ್ ಮುಂದಕ್ಕೆ ಹೋಗದು, ಹೊಸದು ತಗೊಳ್ಳುವ ಹಾಗಿಲ್ಲ. ಬೇರೆ ದಾರಿ ಕಾಣದೆ ಟೆಸ್ಟರ್ ಪಕ್ಕ ಹೋಗಿ ಕೂತೆ. ಆಗ ಗೊತ್ತಾಯಿತು, ಒಂದೊಂದು ಟೆಸ್ಟ್‌ಗೂ ಮುಂಚೆ ಅವರು ಕೈಯಾರೆ ಹತ್ತು ಬಳಕೆದಾರರ ಖಾತೆ ತೆರೆದು, ಪ್ರತಿಯೊಂದಕ್ಕೂ ಹಳೇ ಆರ್ಡರ್‌ಗಳನ್ನು ತುಂಬುತ್ತಿದ್ದರು. ಅದಕ್ಕೇ ನಲವತ್ತು ನಿಮಿಷ! ಅವತ್ತೇ ಸಂಜೆ ಅದನ್ನು ತಾನಾಗೇ ಮಾಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಎರಡು ನಿಮಿಷದ ಕೆಲಸವಾಯಿತು. ಆರು ತಿಂಗಳು ಅಷ್ಟು ಹತ್ತಿರದಲ್ಲಿ ಕೂತಿದ್ದೂ ನಾನು ಅದನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು.

ಈ ಮಿತಿಯ ಹಿಂದೆ ಒಂದು ಸರಳ ಲೆಕ್ಕವಿದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಕೈಯಲ್ಲಿರುವ ಕೆಲಸವನ್ನು, ಕೆಲಸ ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಸರಾಸರಿ ಎಷ್ಟು ಸಮಯ ಹಿಡಿಯುತ್ತದೆ ಅನ್ನುವುದು ಸಿಗುತ್ತದೆ. ವಾರಕ್ಕೆ 5 ಕಾರ್ಡ್ ಮುಗಿಸುವ ತಂಡ 20 ಕಾರ್ಡ್ ಹಿಡಿದು ಕೂತರೆ ಒಂದೊಂದಕ್ಕೆ ಸರಾಸರಿ 4 ವಾರ. ವೇಗ ಅಷ್ಟೇ ಇದ್ದು, ಕೈಯಲ್ಲಿ 10 ಇದ್ದರೆ 2 ವಾರ. ಯಾರೂ ಜಾಸ್ತಿ ಹೊತ್ತು ದುಡಿಯಬೇಕಿಲ್ಲ ಅಲ್ವಾ?

ಸ್ಟ್ಯಾಂಡಪ್ ಕೂಡ ಬದಲಾಯಿತು. ಈಗ ಬೋರ್ಡನ್ನು ಬಲದಿಂದ ಎಡಕ್ಕೆ ಓದುತ್ತೇವೆ. ಮುಗಿಯಲು ಹತ್ತಿರವಿರುವ ಕಾರ್ಡ್ ಮೊದಲು. ‘ಇದು ಯಾಕೆ ನಿಂತಿದೆ, ಯಾರು ಕೈ ಜೋಡಿಸ್ತೀರಿ?’ ಅನ್ನುವುದಷ್ಟೇ ಪ್ರಶ್ನೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಕಾನ್ಬಾನ್‌ಗೂ ಕೊರತೆ ಇದೆ. ಸ್ಪ್ರಿಂಟ್ ಹೋದ ಮೇಲೆ ನಮ್ಮ ರೆಟ್ರೋ, ಅಂದರೆ ಮಾಡಿದ ಕೆಲಸ ಹೇಗಾಯಿತು ಅಂತ ಮಾತಾಡಿಕೊಳ್ಳುವ ಸಭೆಯೂ ಸದ್ದಿಲ್ಲದೆ ನಿಂತುಹೋಯಿತು. ಎರಡು ತಿಂಗಳು ಯಾರೂ ಗಮನಿಸಲಿಲ್ಲ. ಸಣ್ಣ ಸಣ್ಣ ಅಸಮಾಧಾನಗಳು ಒಳಗೇ ಉಳಿದು, ಒಂದು ದಿನ ಕೋಡ್ ರಿವ್ಯೂ (ಒಬ್ಬರ ಕೋಡ್ ಅನ್ನು ಇನ್ನೊಬ್ಬರು ನೋಡುವುದು) ಕಾಮೆಂಟ್‌ಗಳಲ್ಲಿ ಇಬ್ಬರು ಜಗಳಕ್ಕೇ ನಿಂತರು. ಪ್ರಾಡಕ್ಟ್ ಓನರ್ ಕೂಡ ಮುಂದಿನ ಕೆಲಸಗಳ ಸಾಲನ್ನು ದಿನಾ ಬದಲಿಸತೊಡಗಿದ್ದರು. ದೊಡ್ಡ ಕೆಲಸವೊಂದು ವಾರಗಟ್ಟಲೆ ಹಿಂದೆಯೇ ಉಳಿಯಿತು. ಸ್ಕ್ರಮ್‌ನಲ್ಲಿ ಎರಡು ವಾರಕ್ಕೊಮ್ಮೆ ಎಲ್ಲರೂ ನಿಂತು ಹಿಂದೆ ತಿರುಗಿ ನೋಡುತ್ತಿದ್ದೆವು. ಅದರ ಬೆಲೆ ಆಗ ಗೊತ್ತಾಯಿತು.

ಈಗ ನಾವು ಕಾನ್ಬಾನ್ ಬೋರ್ಡ್ ಮತ್ತು ಮಿತಿಗಳನ್ನು ಉಳಿಸಿಕೊಂಡಿದ್ದೇವೆ. ಎರಡು ವಾರಕ್ಕೊಮ್ಮೆ ರೆಟ್ರೋ ತಪ್ಪಿಸುವುದಿಲ್ಲ. ಪೋಕರ್ ಕಾರ್ಡ್ ದೊಡ್ಡ ಕೆಲಸಗಳಿಗೆ ಮಾತ್ರ. ಟೆಸ್ಟಿಂಗ್ ಮಿತಿಯನ್ನು 4ಕ್ಕೆ ಏರಿಸೋಣ ಅಂತ ಹೋದ ರೆಟ್ರೋದಲ್ಲಿ ನಾನೇ ಕೇಳಿದ್ದೆ. ಇಬ್ಬರು ಟೆಸ್ಟರ್‌ಗಳೂ ಬೇಡ ಅಂದರು. 3 ಹಾಗೇ ಇದೆ.